ತೋನ್ಸೆಪಾರಿನ ಕಲ್ಲುಕಂಬಗಳ ನಡುವೆ

ಡಿಸೆಂಬರಿನ ಒಂದು ಬೆಳಿಗ್ಗೆ ಮಲ್ಪೆಯಿಂದ ಹೊರಟ ನಮ್ಮ ಬೋಟು, ಬಂದರಿನಲ್ಲಿ ಒತ್ತೊತ್ತಾಗಿ ನಿಂತಿದ್ದ ಟ್ರಾಲ್ ಬೋಟುಗಳ ಸಾಲನ್ನು ದಾಟಿ ತೆರೆದ ಕಡಲಿಗೆ ಬಂದೊಡನೆ, ಪಶ್ಚಿಮ ದಿಕ್ಕಿನಲ್ಲಿ ತೆಂಗಿನ ಮರಗಳ ಗೆರೆಯೊಂದು ಕಾಣಿಸಿತು. ಸರ್ಕಾರಿ ದಾಖಲೆಗಳಲ್ಲಿ ಸೇಂಟ್ ಮೇರೀಸ್ ದ್ವೀಪವೆಂದೂ ಕರಾವಳಿಯವರ ಬಾಯಲ್ಲಿ ತೋನ್ಸೆಪಾರ್ ಎಂದೂ ಹೆಸರಾದ ಈ ನೆಲ ಒಂದೇ ದ್ವೀಪವಲ್ಲ. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ, ದಕ್ಷಿಣ ದ್ವೀಪ ಎಂಬ ನಾಲ್ಕು ಮುಖ್ಯ ನಡುಗಡ್ಡೆಗಳೂ ಅವುಗಳ ಸುತ್ತ ಚೆದುರಿದ ಪುಟ್ಟ ಬಂಡೆಗಳೂ ಸೇರಿ ದಡಕ್ಕೆ ಸಮಾನಾಂತರವಾಗಿ ಉತ್ತರ-ದಕ್ಷಿಣವಾಗಿ ಚಾಚಿಕೊಂಡಿವೆ. ಪ್ರವಾಸಿಗರು ಇಳಿಯುವುದು ತೆಂಗಿನ ದ್ವೀಪದಲ್ಲಿ. ಅದರ ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್. ಅತಿ ಎತ್ತರದ ಭಾಗವೂ ಸಮುದ್ರಮಟ್ಟದಿಂದ ಹತ್ತು ಮೀಟರಿನಷ್ಟೇ ಮೇಲಿದೆ. ಇಲ್ಲಿ ಮನೆಗಳಿಲ್ಲ; ಬೆಳಿಗ್ಗೆ ಬಂದವರೆಲ್ಲ ಸಂಜೆಯೊಳಗೆ ಮಲ್ಪೆಗೆ ಮರಳುತ್ತಾರೆ.

ಇಳಿದವರಲ್ಲಿ ಹೆಚ್ಚಿನವರು ನೀರಾಟಕ್ಕೆ ನಿಂತರು. "ನೀರು ಇಳಿದುಂಟು, ಪಡುಬದಿಗೆ ಹೋಗಿ ನೋಡಿ. ಆದರೆ ಪಾಚಿ ಉಂಟು, ಜಾಗ್ರತೆ" ಎಂದು ಬೋಟಿನವರು ಹೇಳಿದ್ದರಿಂದ ನಾವು ತೋಪನ್ನು ದಾಟಿ ಆಚೆಗೆ ನಡೆದೆವು. ದ್ವೀಪದ ನಿಜವಾದ ಸ್ವರೂಪ ಇರುವುದು ಅಲ್ಲಿಯೇ. ಐದು, ಆರು, ಕೆಲವೊಮ್ಮೆ ಏಳು ಮುಖಗಳುಳ್ಳ ಕಲ್ಲಿನ ಕಂಬಗಳು ಯಾರೋ ಶಿಲ್ಪಿಗಳು ಕಡೆದು ಜೋಡಿಸಿಟ್ಟ ದೇವಸ್ಥಾನದ ಕಂಬಗಳಂತೆ ಒತ್ತಾಗಿ ನಿಂತಿವೆ. ಕೆಲವು ಆಳೆತ್ತರವನ್ನು ಮೀರಿ ಎದ್ದಿದ್ದರೆ, ಕೆಲವು ಅಲೆಗಳ ಹೊಡೆತಕ್ಕೆ ತುಂಡಾಗಿ ನೆಲಮಟ್ಟದಲ್ಲೇ ಉಳಿದು, ಷಟ್ಕೋನದ ಹಾಸುಗಲ್ಲುಗಳಾಗಿ ನೀರಿನೊಳಕ್ಕೆ ಇಳಿದುಹೋಗಿವೆ.

ಇವು ಲಾವಾರಸದಿಂದ ಆದವು. ದಪ್ಪನೆಯ ಲಾವಾ ಪದರ ಮೇಲಿನಿಂದಲೂ ಕೆಳಗಿನಿಂದಲೂ ತಣಿಯುತ್ತ ಗಟ್ಟಿಯಾಗುವಾಗ ಕುಗ್ಗುತ್ತದೆ. ಕುಗ್ಗಿದಾಗ ಬಿರುಕು ಬಿಡಲೇಬೇಕು. ತಣಿಯುವಿಕೆ ಎಲ್ಲೆಡೆ ಒಂದೇ ಸಮನಾಗಿದ್ದರೆ ಆ ಬಿರುಕುಗಳು ಒಂದನ್ನೊಂದು ಸುಮಾರು 120 ಡಿಗ್ರಿ ಕೋನದಲ್ಲಿ ಸಂಧಿಸುತ್ತವೆ, ಆದ್ದರಿಂದಲೇ ಆರು ಮುಖಗಳ ಆಕಾರ ಮತ್ತೆ ಮತ್ತೆ ಕಾಣುತ್ತದೆ. ತಣಿದ ಮೇಲ್ಮೈಗೆ ಲಂಬವಾಗಿ ಬಿರುಕು ಒಳಕ್ಕಿಳಿದಂತೆ ಕಂಬವೂ ಉದ್ದವಾಗುತ್ತದೆ. ಇದನ್ನು ಬಸಾಲ್ಟ್ ಎಂಬ ಕಪ್ಪು ಲಾವಾಕಲ್ಲೆಂದು ಕರೆಯುವ ರೂಢಿ ಬಲವಾಗಿದ್ದರೂ, ಮರಳಿನ ಮುಖ್ಯ ಅಂಶವಾದ ಸಿಲಿಕಾ ಅದಕ್ಕಿಂತ ಹೆಚ್ಚಾಗಿರುವ ಈ ಕಲ್ಲನ್ನು ಭೂವಿಜ್ಞಾನಿಗಳು ರಯೋಲೈಟ್ ಮತ್ತು ರಯೋಡೆಸೈಟ್ ವರ್ಗಕ್ಕೆ ಸೇರಿಸುತ್ತಾರೆ. ವಿಜಯಪುರದ ಕಡೆ ಕಾಣುವ ದಖ್ಖನ್ ಲಾವಾದೊಂದಿಗೆ ಇದನ್ನು ಒಂದೇ ಉಸಿರಿನಲ್ಲಿ ಹೇಳುವುದೂ ಸರಿಯಲ್ಲ. ದಖ್ಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ತೋನ್ಸೆಪಾರಿನ ಕಲ್ಲು ಅದಕ್ಕಿಂತ ಎರಡು ಕೋಟಿ ವರ್ಷಗಳಷ್ಟು ಹಳೆಯದು. ಭಾರತದ ಭೂಭಾಗಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರ್ಪಟ್ಟ ಕಾಲವೂ ಅದೇ. ಅಲ್ಲಿಯೂ ಅದೇ ಕಾಲದ ಜ್ವಾಲಾಮುಖಿ ಶಿಲೆಗಳಿವೆ. ಎರಡರ ನಡುವೆ ಈಗ ನಾಲ್ಕು ಸಾವಿರ ಕಿಲೋಮೀಟರಿನಷ್ಟು ಸಮುದ್ರವಿದೆ. ಉಡುಪಿಯ ದಡದಲ್ಲಿ ಮನೆಗೋಡೆಗಳಿಗೆ ಬಳಸುವ ಕೆಂಪು ಮುರಕಲ್ಲನ್ನಷ್ಟೇ ಕಂಡು ಬಂದವರಿಗೆ, ಇಷ್ಟು ಹತ್ತಿರದಲ್ಲಿ ಇಷ್ಟು ಬೇರೆಯೇ ಆದ ನೆಲವಿರುವುದು ಬೆರಗು ಹುಟ್ಟಿಸುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕಂಬಗಳ ಮೇಲೆ ಹೆಸರು ಕೆತ್ತುವವರಿಗೆ ಅದನ್ನು ಯಾರಾದರೂ ಗಟ್ಟಿಯಾಗಿ ಹೇಳಬೇಕು.

ಬಂಡೆಗಳ ನಡುವಿನ ಕಿರು ತೀರಗಳಲ್ಲಿ ಕಾಲಿಗೆ ಸಿಗುವುದು ಮರಳಿಗಿಂತ ಹೆಚ್ಚಾಗಿ ಚಿಪ್ಪು. ಅಲೆಗಳು ಪುಡಿಮಾಡಿದ ಶಂಖ, ಮರುವಾಯಿ, ಕಪ್ಪೆಚಿಪ್ಪುಗಳ ರಾಶಿ ನಡೆದಾಗ ಗರಗರ ಎನ್ನುತ್ತದೆ. ನೀರಿಳಿದಾಗ ಕಂಬಗಳ ಬುಡದ ಗುಂಡಿಗಳಲ್ಲಿ ಕಡಲು ಸ್ವಲ್ಪ ಉಳಿದುಬಿಡುತ್ತದೆ. ಅಲ್ಲಿ ಸಣ್ಣ ಮೀನುಗಳೂ ಏಡಿಗಳೂ ಮುಂದಿನ ಉಬ್ಬರದವರೆಗೆ ಸಿಕ್ಕಿಕೊಂಡಿರುತ್ತವೆ. ಉಬ್ಬರದ ಗೆರೆಯವರೆಗೂ ಕಲ್ಲಿಗೆ ಬಿಗಿಯಾಗಿ ಕಚ್ಚಿಕೊಂಡ, ಗಟ್ಟಿ ಚಿಪ್ಪಿನ ಪುಟ್ಟ ಕಡಲಜೀವಿಗಳಾದ ಬಾರ್ನಕಲ್‌ಗಳು ಬರಿಗಾಲನ್ನು ಕೊಯ್ಯುವಷ್ಟು ಚೂಪಾಗಿರುವುದರಿಂದ ಚಪ್ಪಲಿ ಬಿಚ್ಚದಿರುವುದೇ ಮೇಲು. ತೆಂಗಿನ ಗರಿಗಳ ಮೇಲೆ ಕೆಂಗಂದು ರೆಕ್ಕೆ, ಬಿಳಿ ತಲೆಯ ಗರುಡಗಳು ಸುತ್ತುತ್ತಿದ್ದವು. ಪ್ರವಾಸಿಗರ ತಿಂಡಿಯ ಪೊಟ್ಟಣಗಳ ಮೇಲೆ ಕಣ್ಣಿಟ್ಟ ಕಾಗೆಗಳ ಸಂಖ್ಯೆ ಮಾತ್ರ ಇಂಥ ನಡುಗಡ್ಡೆಗೆ ತುಸು ಅತಿಯೆನಿಸಿತು.

ವಾಸ್ಕೊ ಡ ಗಾಮಾ 1498ರಲ್ಲಿ ಇಲ್ಲಿ ಇಳಿದು ಶಿಲುಬೆಯ ಕಂಬವೊಂದನ್ನು ನೆಟ್ಟು ಸಾಂತಾ ಮರಿಯಾ ಎಂದು ಹೆಸರಿಟ್ಟನೆಂಬ ಪ್ರತೀತಿಯಿದೆ. ಕಲ್ಲಿಕೋಟೆಗೆ ಹೋಗುವ ದಾರಿಯಲ್ಲಿ ಎಂದು ಹಲವರು ಹೇಳುತ್ತಾರೆ. ಆದರೆ ಆತನ ಯಾನದ ದಿನಚರಿ ಆ ಕಂಬದ ಪ್ರಸ್ತಾಪವನ್ನು ಕಲ್ಲಿಕೋಟೆಯಿಂದ ಹೊರಟ ನಂತರದ ದಿನಗಳಲ್ಲಿ ಇಡುತ್ತದೆ. ಸಹಸ್ರಾರು ಕಲ್ಲುಕಂಬಗಳಿರುವ ದ್ವೀಪದಲ್ಲಿ ಇನ್ನೊಂದು ಕಂಬ ನೆಡಬೇಕೆನಿಸಿದ್ದು ನನಗೆ ತಮಾಷೆಯಾಗಿ ತೋರಿತು.

ಮುಂಗಾರಿನ ತಿಂಗಳುಗಳಲ್ಲಿ ಕಡಲು ಒರಟಾಗುವುದರಿಂದ ಬೋಟುಗಳ ಓಡಾಟ ನಿಲ್ಲುತ್ತದೆ. ಕಂಬಗಳನ್ನು ಒಡೆದು ಉರುಳಿಸುವ ದೊಡ್ಡ ಅಲೆಗಳು ಏಳುವುದೂ ಆಗಲೇ. ಕಂಬಗಳನ್ನು ಬುಡದಿಂದ ನೋಡುವ ಆಸೆಯುಳ್ಳವರು ಮಳೆಗಾಲ ಕಳೆದ ಮೇಲೆ, ನೀರಿಳಿತದ ಹೊತ್ತನ್ನು ಮಲ್ಪೆಯಲ್ಲೇ ವಿಚಾರಿಸಿಕೊಂಡು, ಬೆಳಗಿನ ಮೊದಲ ಬೋಟುಗಳಲ್ಲೊಂದನ್ನು ಹಿಡಿಯುವುದು ಒಳ್ಳೆಯದು. ಮಧ್ಯಾಹ್ನದ ಹೊತ್ತಿಗೆ ಆ ಕಪ್ಪು ಕಲ್ಲು ಕಾದು ಕೂರಲೂ ಆಗುವುದಿಲ್ಲ.