ಉಪ್ಪಾಗೆ ಸೀಸನ್ನು, ಸಿಂಗಳೀಕದ ಪಾಲು

14 ಜುಲೈ 2024, ಭಾನುವಾರ, ಸಿದ್ದಾಪುರ

ಮಳೆ ಹನಿ ಕಡೀತಾ ಇಲ್ಲ. ಭಾವನ ಮನೆ ಕೊಟ್ಟಿಗೆ ಪಕ್ಕ ಉಪ್ಪಾಗೆ (ನಮ್ಮ ಕಾಡಿನ ಹುಳಿ ಹಣ್ಣು) ಸಿಪ್ಪೆ ಒಣಗ್ಸೋ ಕೆಲಸ ಜೋರು, ತಟ್ಟಿ ಮೇಲೆ ಸಿಪ್ಪೆ ಹರವಿ ಕೆಳಗೆ ದಪ್ಪ ಮರದ ಕುಂಟೆ ಇಟ್ಟು ಬೆಂಕಿ, ಹೊಗೆಗೆ ಕಣ್ಣು ಬಿಡೋಕಾಗಲ್ಲ. ಇದು ಹಣ್ಣಾಗೋದೇ ಬಿಸಿಲಿಲ್ಲದ ಮಳೆಗಾಲದಲ್ಲಿ, ಹಾಗಾಗಿ ಒಣಗ್ಬೇಕು ಅಂದ್ರೆ ಸೌದೆ ಬೇಕು, ಸೌದೆಗೆ ಮತ್ತೆ ಅದೇ ಕಾಡು.

ಬುಟ್ಟಿ ನೋಡಿದ್ರೆ ಅರ್ಧಕ್ಕರ್ಧ ಹಸಿರು ಕಾಯಿ. "ಇನ್ನೂ ಹಣ್ಣೇ ಆಗಿಲ್ವಲ್ಲ ಭಾವ" ಅಂದೆ. "ಆನು ಬಿಟ್ರೆ ನಾಳೆ ಮತ್ತೊಬ್ಬ ಕೊಯ್ಕಂಡು ಹೋಗ್ತಾ ಮಾರಾಯಾ, ವ್ಯಾಪಾರಿ ಎರಡಕ್ಕೂ ಒಂದೇ ರೇಟು ಹಾಕ್ತಾ" ಅಂದ್ರು. ಅವರು ಹೇಳಿದ್ರಲ್ಲಿ ಸುಳ್ಳಿಲ್ಲ. ಕಾಡಿನ ಮರ ಯಾರದ್ದೂ ಅಲ್ಲ, ಮೊದ್ಲು ಹೋದವನಿಗೆ ಕಾಯಿ, ಕೆಲವರಂತೂ ಕೊಂಬೆ ಸಮೇತ ಕಡಿದು ಕೆಡವ್ತಾರೆ.

ಮೊದ್ಲು ನಮ್ಮ ಕಡೆ ಉಪ್ಪಾಗೆ ಅಂದ್ರೆ ಅಡಿಗೆಗೆ ಹುಳಿ, ಬೀಜದಿಂದ ತುಪ್ಪ, ಮುಗೀತು. 1990ರ ದಶಕದಲ್ಲಿ ಈ ಸಿಪ್ಪೇಲಿರೋ ಹೈಡ್ರಾಕ್ಸಿ ಸಿಟ್ರಿಕ್ ಆಸಿಡ್‌ನಿಂದ ತೂಕ ಇಳಿಯತ್ತೆ ಅಂತ ಹೊರದೇಶದಲ್ಲಿ ಮಾತ್ರೆ ಓಡೋಕೆ ಶುರುವಾಯ್ತು, ಇಲ್ಲಿ ರೇಟು ಏರ್ತು. ತಮಾಷೆ ಅಂದ್ರೆ 1998ರಲ್ಲೇ ಅಮೆರಿಕದಲ್ಲಿ ಟ್ರಯಲ್ ಮಾಡಿ ನೋಡಿದಾರೆ, ಡಮ್ಮಿ ಮಾತ್ರೆಗಿಂತ ಹೆಚ್ಚೇನೂ ಕೆಲಸ ಮಾಡ್ಲಿಲ್ಲ! ಆದ್ರೂ ಸಿಪ್ಪೆ ಲಾರಿ ನಿಂತಿಲ್ಲ.

ಈ ಹಣ್ಣು ನಂಬ್ಕೊಂಡಿರೋ ಇನ್ನೊಂದು ಗಿರಾಕಿ ಸಿಂಗಳೀಕ, ಸಿಂಹದ ಬಾಲದ ಕೋತಿ. ಪಶ್ಚಿಮ ಘಟ್ಟ ಬಿಟ್ರೆ ಜಗತ್ತಲ್ಲಿ ಎಲ್ಲೂ ಇಲ್ಲ, ಕಾಡಲ್ಲಿ ಉಳಿದಿರೋದೇ ಅಂದಾಜು 4000. ಎರಡು ಮೂರು ವರ್ಷಕ್ಕೆ ಒಂದೇ ಮರಿ ಹಾಕೋ ಪ್ರಾಣಿ, ಒಂದ್ಸಲ ಕಮ್ಮಿ ಆದ್ರೆ ಬೇಗ ಚೇತರಿಸಿಕೊಳ್ಳಲ್ಲ. ಕೋವಿ ಹಿಡಿದು ಯಾರೂ ಕೊಲ್ಲಬೇಕು ಅಂತಿಲ್ಲ, ಕಾಯಿ ಹಸಿರಿರುವಾಗ್ಲೇ ಮರ ಬೋಳು ಮಾಡಿದ್ರೂ ಸಾಕು. ಮರದಿಂದ ಮರಕ್ಕೇ ಓಡಾಡೋ ಜಾತಿ ಬೇರೆ, ನೆಲಕ್ಕೆ ಇಳಿಯೋದು ಅಪರೂಪ, ಮಧ್ಯೆ ರಸ್ತೆಯೋ ಕರೆಂಟ್ ಲೈನೋ ತೋಟವೋ ಬಂದು ಕೊಂಬೆ ತಪ್ಪಿತು ಅಂದ್ರೆ ಆ ಕಡೆ ಗುಂಪು ಆ ಕಡೆ, ಈ ಕಡೇದು ಈ ಕಡೆ. ಘಟ್ಟದ ರೋಡಲ್ಲಿ ಕಾರು ನಿಲ್ಸಿ ಚಿಪ್ಸ್ ಹಾಕೋರು ಇದಾರಲ್ಲ, ಅವರ ಮೇಲೆ ನಂಗೆ ಭಾವನ ಮೇಲಿಗಿಂತ ಹತ್ತು ಪಟ್ಟು ಸಿಟ್ಟು. ಆ ರುಚಿಗೆ ಕೆಳಗಿಳಿದವು ಟೈರಿಗೆ ಸಿಗ್ತವೆ.

ಶರಾವತಿಯ ಲಿಂಗನಮಕ್ಕಿ ಡ್ಯಾಮಲ್ಲಿ ಮುಳುಗಿದ ಕಾಡಿನ ಲೆಕ್ಕ ಬೇರೆ, ಅದು 1964ರಲ್ಲೇ ಆಗಿಹೋಯ್ತು. ಈಗ ಶರಾವತಿ ಕಣಿವೇಲಿ, 2019ರಲ್ಲಿ ಸಿಂಗಳೀಕದ ಹೆಸರಲ್ಲೇ ಅಭಯಾರಣ್ಯ ಮಾಡಿದ ಜಾಗದಲ್ಲೇ, 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ (ನೀರನ್ನ ಮೇಲಕ್ಕೆ ಪಂಪ್ ಮಾಡಿ, ಮತ್ತೆ ಕೆಳಕ್ಕೆ ಬಿಟ್ಟು ಕರೆಂಟ್ ತೆಗೆಯೋ ಯೋಜನೆ) ಅಂತಿದಾರೆ. ದೊಡ್ಡ ಯೋಜನೆಗೆ ಬೈಯೋದು ಸುಲಭ, ನಾನೂ ಬೈತೀನಿ, ಆದ್ರೆ ಉಪ್ಪಾಗೆ ವಿಷಯಕ್ಕೆ ಬೆಂಗಳೂರಿನ ಅಪ್ಪಣೆ ಏನೂ ಬೇಡ. 2011ರಲ್ಲಿ ನಮ್ಮ ಕಡೆ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಮಾಡಿದಾಗ, ಅಭಯಾರಣ್ಯದ ಥರ ಜನರ ಹಕ್ಕು ಕಿತ್ಕೊಳ್ಳಲಿಲ್ಲ. ಅಂದ್ಮೇಲೆ ಕೊಯ್ಯೋ ರೀತಿ ನಾವೇ ಕೂತು ಮಾತಾಡ್ಬಹುದು.

ಗ್ರಾಮ ಅರಣ್ಯ ಸಮಿತಿ ಮೀಟಿಂಗ್ ಮುಂದಿನ ವಾರ ಇದೆ. ಇಂಥ ತಾರೀಕಿನ ತನಕ ಯಾರೂ ಕೊಯ್ಯಬಾರ್ದು, ಮೇಲಿನ ಕೊಂಬೆ ಹಣ್ಣು ಮುಟ್ಟಬಾರ್ದು, ಹಸಿ ಕಾಯಿ ಸಿಪ್ಪೆ ವ್ಯಾಪಾರಿ ತಗೋಬಾರ್ದು ಅಂತ ಕೇಳೋಣ ಅಂದ್ಕೊಂಡಿದೀನಿ. ಭಾವ ಬರ್ತೀನಿ ಅಂದಿದಾರೆ, ನಂಗ್ಯಾಕೋ ಡೌಟು.