ನಮ್ಮ ‘ಟು’–‘ಇಂಗ್’ ಮೇಷ್ಟ್ರು

ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದ ಆದಮೇಲೆ ‘ಟು’ ಬರಬೇಕಾ, ‘ಇಂಗ್’ ಬರಬೇಕಾ? ಎಷ್ಟೋ ವರ್ಷ ಇಂಗ್ಲಿಷಿನಲ್ಲೇ ಕೆಲಸ ಮಾಡಿದವರೂ ಇಲ್ಲಿ ತಡವರಿಸುತ್ತಾರೆ. ನಮ್ಮ ಬ್ಯಾಚಿನವರು ತಡವರಿಸುವುದಿಲ್ಲ. ಅದಕ್ಕೆ ಕಾರಣ ಮೊನ್ನೆ ತೀರಿಕೊಂಡ ನಮ್ಮ ಇಂಗ್ಲಿಷ್ ಮೇಷ್ಟ್ರು.

ಎಂಜಾಯ್, ಅವಾಯ್ಡ್, ಫಿನಿಶ್ ಆದಮೇಲೆ ‘ಇಂಗ್’. ವಾಂಟ್, ಡಿಸೈಡ್, ಪ್ರಾಮಿಸ್ ಆದಮೇಲೆ ‘ಟು’. ಈ ಪಟ್ಟಿಯನ್ನು ಅವರು ಒಂದೇ ಪೀರಿಯಡ್ಡಿನಲ್ಲಿ ಮುಗಿಸಿಬಿಟ್ಟರು. ಬಿಗಿನ್, ಸ್ಟಾರ್ಟ್‌ಗೆ ಎರಡೂ ನಡೆಯುತ್ತೆ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ ಅಂದರು. ಅವರ ಪ್ರೀತಿಯೆಲ್ಲ ಸ್ಟಾಪ್, ರಿಮೆಂಬರ್, ಫರ್ಗೆಟ್ ಮೇಲೆ. ಅಲ್ಲಿ ಎರಡೂ ಸರಿ, ಆದರೆ ಅರ್ಥ ಬೇರೆ.

‘ಸ್ಟಾಪ್’ ಪಾಠ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಗಿಲಿಂದ ಮೇಜಿನ ಕಡೆಗೆ ನಡೆದು ಬರುತ್ತಿದ್ದವರು ಅರ್ಧದಲ್ಲೇ ನಿಂತರು. ಕನ್ನಡಕ ತೆಗೆದರು. ಜೇಬಿನಿಂದ ಕರವಸ್ತ್ರ ಎಳೆದು ನಿಧಾನಕ್ಕೆ ಗಾಜು ಒರೆಸತೊಡಗಿದರು. ‘ಐ ಸ್ಟಾಪ್ಡ್ ಟು ಕ್ಲೀನ್ ಮೈ ಗ್ಲಾಸಸ್’ ಅಂದರು. ಆಮೇಲೆ ಒರೆಸುತ್ತಿದ್ದ ಕೈ ಥಟ್ಟನೆ ನಿಂತಿತು. ‘ಈಗ ಐ ಸ್ಟಾಪ್ಡ್ ಕ್ಲೀನಿಂಗ್.’ ಅಷ್ಟೇ. ಬೋರ್ಡಿನ ಮೇಲೆ ಒಂದಕ್ಷರ ಬರೆಯಲಿಲ್ಲ.

‘ರಿಮೆಂಬರ್’ಗೆ ಅವರದು ಒಂದೇ ಪ್ರಶ್ನೆ: ಯಾವುದು ಮೊದಲು? ಕೆಲಸ ಆಗಿ, ನೆನಪು ಆಮೇಲೆ ಬಂದರೆ ‘ಇಂಗ್’. ನೆನಪು ಬಂದು, ಕೆಲಸ ಆಮೇಲೆ ಆದರೆ ‘ಟು’. ‘ರಿಮೆಂಬರ್ ಲಾಕಿಂಗ್’ ಅಂದರೆ ಬೀಗ ಆಗಲೇ ಬಿದ್ದಿದೆ. ‘ರಿಮೆಂಬರ್ ಟು ಲಾಕ್’ ಅಂದರೆ ಇನ್ನೂ ಹಾಕಬೇಕು.

ಮರುದಿನವೇ ಹಿಂದಿನ ಬೆಂಚಿನ ನಾವು ಸೀಮೆಸುಣ್ಣದ ಡಬ್ಬಿ ಬಚ್ಚಿಟ್ಟೆವು. ಉಳಿಸಿಕೊಂಡ ಒಂದು ತುಂಡಿನಿಂದ ಬೋರ್ಡಿನ ಮೇಲೆ ಬರೆದೆವು: ‘ವಿ ರಿಮೆಂಬರ್ ಹೈಡಿಂಗ್ ದಿ ಚಾಕ್.’ ವಾಕ್ಯ ಕಟ್ಟಿದ್ದು ನಾನೇ. ಮೇಷ್ಟ್ರು ಬಂದರು, ಓದಿದರು, ತಲೆಯಾಡಿಸಿದರು. ಅದೇ ತುಂಡು ಎತ್ತಿಕೊಂಡು ಕೆಳಗೆ ಬರೆದರು: ‘ನೌ ರಿಮೆಂಬರ್ ಟು ರಿಟರ್ನ್ ಇಟ್.’ ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಡಬ್ಬಿ ಮೇಜಿಗೆ ವಾಪಸ್ ಬಂತು. ಬಚ್ಚಿಟ್ಟವರು ಯಾರು ಅಂತ ಅವರು ಕೇಳಲೇ ಇಲ್ಲ. ಬರೆದವರು ಯಾರು ಅಂತ ಕೇಳಿದರು. ಎದ್ದು ನಿಂತೆ. ‘ಭೇಷ್’ ಅಂದರು. ಇಂಗ್ಲಿಷ್ ನನಗೆ ಒಲಿಯುತ್ತದೆ ಅನ್ನುವ ಧೈರ್ಯ ಹುಟ್ಟಿದ್ದು ಅವತ್ತೇ.

ಎಲ್ಲದಕ್ಕೂ ಸೂತ್ರ ಇದೆ ಅಂತ ಅವರು ಯಾವತ್ತೂ ನಂಬಿಸಲಿಲ್ಲ. ಮುಂದಾಗುವುದಕ್ಕೆ ‘ಟು’, ಆಗಿಹೋದದ್ದಕ್ಕೆ ‘ಇಂಗ್’ ಅನ್ನುವುದು ಬಹಳ ಕಡೆ ದಾರಿ ತೋರಿಸುತ್ತದೆ, ಎಲ್ಲ ಕಡೆ ಅಲ್ಲ. ಸಜೆಸ್ಟ್ ಮಾಡುವುದು ಮುಂದಿನ ಕೆಲಸವನ್ನೇ, ಆದರೂ ಅದಕ್ಕೆ ‘ಇಂಗ್’ ಬೇಕು. ಇಂಥವನ್ನು ಓದಿ ಓದಿ ಕಿವಿಗೆ ಹತ್ತಿಸಿಕೊಳ್ಳಿ ಅಂತಿದ್ದರು.

ಈಗಿನ ಮಕ್ಕಳ ಅಭ್ಯಾಸ ಪುಸ್ತಕ ನೋಡಿದರೆ ಬೇಸರ ಆಗುತ್ತದೆ. ನಾಲ್ಕು ಆಯ್ಕೆ, ಒಂದಕ್ಕೆ ಟಿಕ್. ಎರಡೂ ಸರಿಯಿದ್ದು ಅರ್ಥ ಬೇರೆಯಾದರೆ ಟಿಕ್ ಯಾವುದಕ್ಕೆ? ಮೊಬೈಲ್ ಕೂಡ ಕೆಂಪು ಗೆರೆ ಎಳೆಯುವುದಿಲ್ಲ, ವಾಕ್ಯದಲ್ಲಿ ತಪ್ಪೇ ಇರುವುದಿಲ್ಲವಲ್ಲ. ತಾನು ಏನು ಹೇಳಹೊರಟಿದ್ದೇನೆ ಅನ್ನುವುದು ಬರೆಯುವವನಿಗೇ ಗೊತ್ತಿರಬೇಕು, ಅಲ್ವಾ?

ಮೇಷ್ಟ್ರ ನೆನಪಿಗೆ ನಮ್ಮ ಬ್ಯಾಚಿನವರು ಸೇರುತ್ತಿದ್ದೇವೆ. ಆಹ್ವಾನ ಟೈಪ್ ಮಾಡಿದ ಹುಡುಗ ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಅಂತ ಹೊಡೆದಿದ್ದ. ತಿದ್ದಲು ಹೇಳಿದರೆ, ‘ಟು ಇದೆಯಲ್ಲ ಸರ್’ ಅಂದ. ಆ ‘ಟು’ ಬೇರೆ, ಅದು ಪ್ರೆಪೊಸಿಷನ್. ಅದರ ಮುಂದೆ ‘ದಿ ಹಾಲಿಡೇಸ್’ ಇಟ್ಟು ನೋಡು, ಕೂರುತ್ತೆ. ‘ವಾಂಟ್ ಟು’ ಮುಂದೆ ಇಟ್ಟು ನೋಡು, ಕೂರಲ್ಲ. ನಾಮಪದ ಕೂರುವ ಕಡೆ ‘ಇಂಗ್’ ಹಾಕು ಅಂದೆ. ಮೇಷ್ಟ್ರು ಹೇಳಿಕೊಟ್ಟಿದ್ದ ಪರೀಕ್ಷೆ ಇದು. ಹುಡುಗ ‘ಮೀಟಿಂಗ್’ ಅಂತ ತಿದ್ದಿದ. ‘ಯೂಸ್ಡ್ ಟು’ಗೂ ಇದು ನಡೆಯುತ್ತಾ ಸರ್ ಅಂತ ಕೇಳಿದ. ಹೊರಡಲು ಎದ್ದಿದ್ದವನು ಮತ್ತೆ ಕುರ್ಚಿ ಎಳೆದುಕೊಂಡು ಕೂತೆ.