ಆಂಪ್ಲಿಫೈಯರ್ ಫ್ಯೂಸ್ ನಿಲ್ಲುತ್ತಿಲ್ಲವೇ? ಹೊಸದು ಹಾಕುವ ಮೊದಲು ಹಳೆಯದನ್ನು ನೋಡಿ

ಪಿಕಪ್ ಟ್ರಕ್ಕಿಗೆ ಸಬ್‌ವೂಫರ್ ಆಂಪ್ಲಿಫೈಯರ್ ಕೂರಿಸಿಕೊಂಡು, ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದೆ ಎಂದು ಗಾಡಿ ತಂದವರಿಗೆ ನಾನು ಬಾನೆಟ್ ಎತ್ತುವ ಮೊದಲು ಎರಡು ವಿಷಯ ಕೇಳುತ್ತೇನೆ. ಹೋದ ಫ್ಯೂಸ್ ಎಲ್ಲಿದೆ? ಅದು ಯಾವ ಗಳಿಗೆಯಲ್ಲಿ ಹೋಯಿತು? ಮೊದಲ ಪ್ರಶ್ನೆಗೆ "ಎಸೆದುಬಿಟ್ಟೆ ಸರ್, ಹೊಸದು ಹಾಕಿದೀನಿ" ಎಂಬ ಉತ್ತರವೇ ಹೆಚ್ಚು. ಎರಡನೆಯದಕ್ಕೆ "ಗೊತ್ತಿಲ್ಲ, ಇದ್ದಕ್ಕಿದ್ದಂತೆ ಸೌಂಡ್ ನಿಂತಿತು" ಎನ್ನುತ್ತಾರೆ. ಕಾರ್ ಆಡಿಯೋ ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಮೀಟರ್ ಕೊಡುವುದಕ್ಕೂ ಮುಂಚೆ ಹೇಳಿಕೊಡುವುದು ಈ ಎರಡು ಪ್ರಶ್ನೆಗಳನ್ನೇ. ಉತ್ತರ ಸರಿಯಾಗಿ ಸಿಕ್ಕರೆ ಅರ್ಧ ಗಾಡಿ ಬಿಚ್ಚುವ ಕೆಲಸ ಉಳಿಯುತ್ತದೆ.

ಸುಟ್ಟ ಫ್ಯೂಸನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆಲ್ಲ ಕಪ್ಪು ಮಸಿ ಹಿಡಿದು, ಲೋಹದ ಸಣ್ಣ ಹನಿಗಳು ಸಿಡಿದು ಅಂಟಿದ್ದರೆ ಅದು ನೇರ ಶಾರ್ಟ್. ಬ್ಯಾಟರಿ ತನ್ನ ಶಕ್ತಿಯನ್ನೆಲ್ಲ ಕ್ಷಣಮಾತ್ರದಲ್ಲಿ ಸುರಿದಿದೆ. ಪ್ಲಾಸ್ಟಿಕ್ ಶುಭ್ರವಾಗಿದ್ದು ನಡುವಿನ ಪಟ್ಟಿ ಮಾತ್ರ ಕರಗಿ ಸಣ್ಣ ಅಂತರ ಬಿಟ್ಟಿದ್ದರೆ ಲೋಡ್ ಜಾಸ್ತಿಯಾಗಿ ನಿಧಾನವಾಗಿ ಹೋಗಿದೆ. ಪಟ್ಟಿಗಿಂತ ಹೆಚ್ಚಾಗಿ ಕಾಲುಗಳ ಹತ್ತಿರದ ಪ್ಲಾಸ್ಟಿಕ್ ಕರಗಿದ್ದರೆ, ಕಾಲು ಕಂದುಗಟ್ಟಿದ್ದರೆ, ತಪ್ಪು ಫ್ಯೂಸಿನದೂ ಅಲ್ಲ, ಆಂಪ್ಲಿಫೈಯರಿನದೂ ಅಲ್ಲ. ಹೋಲ್ಡರ್ ಸಡಿಲವಾಗಿದೆ, ಅಲ್ಲಿ ಹುಟ್ಟಿದ ಬಿಸಿಯೇ ಫ್ಯೂಸನ್ನು ಕರಗಿಸಿದೆ. ಅಗ್ಗದ ಕಿಟ್‌ಗಳ ಜೊತೆ ಬರುವ ಹೋಲ್ಡರ್‌ಗಳಲ್ಲಿ ಇದು ಸಾಮಾನ್ಯ. ವೈರಿನ ಎಳೆಗಳಲ್ಲಿ ಅರ್ಧ ಮಾತ್ರ ಸ್ಕ್ರೂ ಅಡಿಗೆ ಸಿಕ್ಕಿರುತ್ತವೆ, ಉಳಿದವು ಹೊರಗೆ ಇಣುಕುತ್ತಿರುತ್ತವೆ.

ಆಮೇಲೆ, ಹೋಗಿದ್ದು ಯಾವ ಫ್ಯೂಸ್ ಎಂದು ನೋಡಬೇಕು. ಬ್ಯಾಟರಿಯ ಪಕ್ಕದ ಮೇನ್ ಫ್ಯೂಸ್ ಇರುವುದು ವೈರನ್ನು ಕಾಯಲಿಕ್ಕೆ. ಅದಕ್ಕೇ ಅದನ್ನು ಬ್ಯಾಟರಿಯಿಂದ ಸುಮಾರು 45 ಸೆಂಟಿಮೀಟರ್ ಒಳಗೇ ಹಾಕುವುದು. ಆಂಪ್ಲಿಫೈಯರ್ ಮೈಮೇಲಿನ ಫ್ಯೂಸ್ ಆಂಪ್ಲಿಫೈಯರಿಗೆ ಸೇರಿದ್ದು. ಮೇನ್ ಹೋಗಿ ಆಂಪಿನದು ಗಟ್ಟಿಯಾಗಿದ್ದರೆ, ಮೇನ್ ಫ್ಯೂಸಿನ ಅಳತೆ ಸರಿ ಇದ್ದಲ್ಲಿ, ದೋಷ ಆ ಎರಡರ ನಡುವಿನ ವೈರಿನಲ್ಲೇ ಇದೆ. ಆಂಪಿನ ಫ್ಯೂಸ್ ಹೋಗಿ ಮೇನ್ ಉಳಿದಿದ್ದರೆ ಆಂಪ್ಲಿಫೈಯರಿನ ಒಳಗೋ, ಅದರಿಂದಾಚೆ ಸ್ಪೀಕರ್ ಕಡೆಗೋ ಹುಡುಕಬೇಕು. ಇವೆರಡೂ ಸರಿಯಿದ್ದು ಸ್ಟೀರಿಯೋ ಫ್ಯೂಸ್ ಹೋಗುತ್ತಿದ್ದರೆ ರಿಮೋಟ್ ವೈರ್ ಎಲ್ಲೋ ಗಾಡಿಯ ಲೋಹದ ಬಾಡಿಗೆ ತಾಗಿದೆ ಎಂದೇ ಮೊದಲ ಅನುಮಾನ. ಸ್ಟೀರಿಯೋದಿಂದ ಬರುವ, ಬಿಳಿ ಗೆರೆಯ ಆ ನೀಲಿ ವೈರ್ ಆಂಪ್ಲಿಫೈಯರಿಗೆ "ಏಳು" ಎಂದು ಹೇಳಲಿಕ್ಕಷ್ಟೇ ಇರುವುದು. ಅದರಿಂದ ಫ್ಯಾನನ್ನೋ ಎಲ್‌ಇಡಿ ಪಟ್ಟಿಯನ್ನೋ ಓಡಿಸಬಾರದು.

ಇತ್ತೀಚೆಗೆ ನಮ್ಮ ವರ್ಕ್‌ಶಾಪಿಗೆ ಬಂದ ಒಂದು ಡಬಲ್ ಕ್ಯಾಬ್ ಪಿಕಪ್ ಇದಕ್ಕೆ ಒಳ್ಳೆಯ ಪಾಠವಾಗಿತ್ತು. ಆಂಪ್ಲಿಫೈಯರ್ ಹಿಂದಿನ ಸೀಟಿನ ಅಡಿಯಲ್ಲಿತ್ತು. ಮಾಲೀಕರೇ ಕೂತು ಅಚ್ಚುಕಟ್ಟಾಗಿ ಹಾಕಿದ್ದರು. ಮನೆ ಮುಂದೆ ನಿಲ್ಲಿಸಿ ಎಷ್ಟು ಹೊತ್ತು ಹಾಡು ಹಾಕಿದರೂ ತೊಂದರೆಯಿಲ್ಲ, ಓಡಾಡುವಾಗ ಮಾತ್ರ ಯಾವಾಗಲೋ ಒಮ್ಮೆ 80 ಆಂಪಿಯರ್‌ನ ಮೇನ್ ಫ್ಯೂಸ್ ಹೋಗುತ್ತಿತ್ತು. ನಮ್ಮ ಹುಡುಗ ನೋಡಿದವನೇ, "ಅಣ್ಣಾ, ಆಂಪ್ ಒಳಗೇ ಶಾರ್ಟ್ ಇರಬೇಕು, ಬೇರೆ ಹಾಕಿ ನೋಡೋಣ" ಅಂದ.

"ಆಂಪಿನ ಫ್ಯೂಸ್ ನೋಡಿದ್ಯಾ?"

"ಎರಡೂ ಚೆನ್ನಾಗಿವೆ."

"ಒಂದೊಂದು ಎಷ್ಟರದು?"

"ಮೂವತ್ತು ಮೂವತ್ತು."

"ಒಳಗೆ ಶಾರ್ಟ್ ಆಗಿದ್ರೆ ಎರಡೂ ಸೇರಿ ಅರವತ್ತರದು ಉಳಿದು ಎಂಬತ್ತರದು ಹೇಗಪ್ಪಾ ಹೋಗುತ್ತೆ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ವೈರಿನ ದಾರಿ ಹಿಡಿದ. ಅದೃಷ್ಟಕ್ಕೆ ಮಾಲೀಕರು ಹಳೆಯ ಫ್ಯೂಸ್ ಇಟ್ಟುಕೊಂಡಿದ್ದರು, ಒಳಗೆಲ್ಲ ಮಸಿ. ಅಂದರೆ ಶಾರ್ಟ್, ಅದೂ ವೈರಿನಲ್ಲಿ, ಅದೂ ಗಾಡಿ ಅಲುಗಿದಾಗ ಮಾತ್ರ. ಮೇನ್ ಫ್ಯೂಸ್ ತೆಗೆದು, ಆಂಪಿನ ಕಡೆಯ ತುದಿಯನ್ನೂ ಬಿಚ್ಚಿ, ಮೀಟರನ್ನು ಬೀಪ್ ಮೋಡಿಗೆ ಹಾಕಿ ಒಂದು ಕಡ್ಡಿ ವೈರಿಗೆ, ಇನ್ನೊಂದು ಬಾಡಿಗೆ ಇಟ್ಟೆವು. ಸದ್ದಿಲ್ಲ. ಆಮೇಲೆ ಅವನು ವೈರ್ ಹೋದ ದಾರಿಯುದ್ದಕ್ಕೂ ಎಳೆದು, ಒತ್ತಿ, ಅಲುಗಿಸುತ್ತಾ ಬಂದ. ಇಂಜಿನ್ ಕೋಣೆಯ ಗೋಡೆ ದಾಟುವಲ್ಲಿ ತೂತಿನ ಅಂಚಿನಿಂದ ವೈರನ್ನು ಕಾಯುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್, ಸರಿಯಾಗಿತ್ತು. ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಸ್ಕ್ರೂಗಳೂ ವೈರಿಗೆ ತಾಗಿರಲಿಲ್ಲ. ಹಿಂದಿನ ಸೀಟಿನ ಮೇಲೆ ಕೂತು ಕುಲುಕಿದಾಗ ಮೀಟರ್ ಕಿರುಚಿತು. ಸೀಟ್ ಮಡಚುವ ಕಬ್ಬಿಣದ ಬ್ರಾಕೆಟ್ ಕಾರ್ಪೆಟ್ ಮೇಲಿಂದಲೇ ವೈರಿನ ಸಿಪ್ಪೆಯನ್ನು ತಿಂದು ತಾಮ್ರ ಮುಟ್ಟಿತ್ತು. ಹಿಂದೆ ಭಾರ ಇದ್ದು ಗಾಡಿ ಗುಂಡಿಗೆ ಇಳಿದಾಗ ಮಾತ್ರ ತಾಗುತ್ತಿತ್ತು. ಹೊಸ ಆಂಪ್ಲಿಫೈಯರ್ ಹಾಕಿದ್ದರೂ ಅದೇ ಫ್ಯೂಸ್ ಮತ್ತೆ ಹೋಗುತ್ತಿತ್ತು.

ಟ್ರಕ್ಕಿನಲ್ಲಿ ಇಂಥ ಜಾಗಗಳು ಕಾರಿಗಿಂತ ಜಾಸ್ತಿ. ಮಡಚುವ ಸೀಟು, ಜ್ಯಾಕ್ ಇಡುವ ಬ್ರಾಕೆಟ್, ಕ್ಯಾಬಿನ್ ಹಿಂಗೋಡೆಯ ತಗಡಿನ ಅಂಚು, ಎಲ್ಲವೂ ಚಲಿಸುತ್ತವೆ ಅಥವಾ ಚೂಪಾಗಿವೆ. ವೈರಿಗೆ ಸುರುಳಿ ಪೈಪ್ ತೊಡಿಸದೆ ಅಲ್ಲಿ ಹಾಯಿಸಲೇಬಾರದು.

ಇನ್ನು ಗಳಿಗೆಯ ವಿಷಯ. ಬ್ಯಾಟರಿಗೆ ವೈರ್ ಮುಟ್ಟಿಸಿದ ಕೂಡಲೇ, ಸ್ಟೀರಿಯೋ ಇನ್ನೂ ಆಫ್ ಇರುವಾಗಲೇ ಆಂಪಿನ ಫ್ಯೂಸ್ ಹೋದರೆ, ಒಂದೋ ಪ್ಲಸ್ ಮೈನಸ್ ಅದಲುಬದಲಾಗಿದೆ, ಇಲ್ಲವೇ ಆಂಪಿನ ಪವರ್ ಸಪ್ಲೈ ಮಾಸ್‌ಫೆಟ್‌ಗಳು (ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್‌ಗಳು) ಸುಟ್ಟು ಶಾರ್ಟ್ ಆಗಿವೆ. ಎಷ್ಟೋ ಆಂಪ್ಲಿಫೈಯರ್‌ಗಳ ಒಳಗೆ ಉಲ್ಟಾ ಕನೆಕ್ಷನ್ ತಡೆಯಲೆಂದೇ ಒಂದು ಡಯೋಡ್ ಇರುತ್ತದೆ. ಉಲ್ಟಾ ಆದಾಗ ಅದು ಕರೆಂಟನ್ನು ಹಾಯಿಸಿ ಬೇಕೆಂದೇ ಫ್ಯೂಸ್ ಹಾರಿಸುತ್ತದೆ. ಅಂಥ ಸಂದರ್ಭದಲ್ಲಿ ವೈರ್ ಸರಿಪಡಿಸಿದರೆ ಆಂಪ್ ಬದುಕುವ ಸಾಧ್ಯತೆ ಚೆನ್ನಾಗಿಯೇ ಇದೆ. ಸ್ಟೀರಿಯೋ ಆನ್ ಮಾಡಿ ರಿಮೋಟ್ ಬಂದಾಗ ಹೋದರೆ, ಸ್ಪೀಕರ್ ವೈರ್ ಕಿತ್ತು ನೋಡಿ. ಆಗಲೂ ಹೋಗುತ್ತದೆ ಎಂದರೆ ಆಂಪಿನ ಔಟ್‌ಪುಟ್ ಹಂತ ಸತ್ತಿರುವ ಸಂಭವವೇ ಹೆಚ್ಚು. ಸ್ಪೀಕರ್ ಕಿತ್ತಾಗ ನಿಂತರೆ ಸ್ಪೀಕರ್ ವೈರಿನಲ್ಲೋ, ಸಬ್‌ವೂಫರಿನ ಕಾಯಿಲಿನಲ್ಲೋ ಶಾರ್ಟ್ ಇದೆ. ಸ್ಪೀಕರಿನ ಮೈನಸ್ ವೈರ್ ಬಾಡಿಗೆ ತಾಗಿದರೆ ಏನೂ ಆಗದು ಎಂದು ನಂಬಿದವರು ಇದ್ದಾರೆ. ಆದರೆ ಬ್ರಿಡ್ಜ್ ಮಾಡಿದ, ಅಂದರೆ ಎರಡು ಚಾನೆಲ್ ಸೇರಿಸಿ ಒಂದೇ ಸ್ಪೀಕರಿಗೆ ಕೊಟ್ಟ ಆಂಪಿನಲ್ಲಿ ಎರಡೂ ತುದಿಗಳಲ್ಲಿ ಸಿಗ್ನಲ್ ಇರುತ್ತದೆ, ಯಾವುದೂ ಅರ್ತ್ ಅಲ್ಲ, ಹಾಗಾಗಿ ಬಾಡಿಗೆ ತಾಗಿದರೆ ಅದೂ ಶಾರ್ಟೇ.

ಈ ಪರೀಕ್ಷೆಗೆ ಹೊಸ ಫ್ಯೂಸ್‌ಗಳನ್ನು ಸುಡಬೇಕಾಗಿಲ್ಲ. ಫ್ಯೂಸಿನ ಜಾಗದಲ್ಲಿ 12 ವೋಲ್ಟ್, 55 ವಾಟಿನ ಹೆಡ್‌ಲೈಟ್ ಬಲ್ಬನ್ನು ಸರಣಿಯಲ್ಲಿ ಸೇರಿಸಿ. ಮುಂದೆ ಪೂರ್ತಿ ಶಾರ್ಟ್ ಇದ್ದರೂ ಬಲ್ಬ್ ನಾಲ್ಕೈದು ಆಂಪಿಯರ್‌ಗಿಂತ ಹೆಚ್ಚು ಬಿಡುವುದಿಲ್ಲ, ಪೂರ್ತಿ ಪ್ರಖರವಾಗಿ ಉರಿದು ಶಾರ್ಟನ್ನು ಕಣ್ಣಿಗೆ ತೋರಿಸುತ್ತದೆ. ವೈರ್ ಕೂರಿಸಿದಾಗ ಒಮ್ಮೆ ಮಿನುಗಿ ಆರಿದರೆ ಅದು ಆಂಪಿನ ಒಳಗಿನ ಕೆಪಾಸಿಟರ್ ತುಂಬಿಕೊಂಡದ್ದು, ಅದು ಸಹಜ. ಮೊದಲು ವೈರ್ ಮಾತ್ರ, ಆಮೇಲೆ ಆಂಪ್, ಆಮೇಲೆ ರಿಮೋಟ್, ಕೊನೆಗೆ ಆರ್‌ಸಿಎ (ಸ್ಟೀರಿಯೋದಿಂದ ಹಾಡಿನ ಸಿಗ್ನಲ್ ತರುವ ವೈರ್) ಮತ್ತು ಸ್ಪೀಕರ್ ಎಂದು ಒಂದೊಂದಾಗಿ ಸೇರಿಸುತ್ತಾ ಹೋಗಿ. ಬಲ್ಬ್ ಯಾವುದಕ್ಕೆ ಭಗ್ಗೆಂದಿತೋ ಅಲ್ಲೇ ದೋಷ. ಬಲ್ಬ್ ಇರುವಾಗ ಜೋರಾಗಿ ಹಾಡು ಹಾಕಬೇಡಿ, ಅದು ಆ ಕೆಲಸಕ್ಕಲ್ಲ.

ಕಷ್ಟದ ಪ್ರಕರಣ ಎಂದರೆ ಹಾಡು ಚೆನ್ನಾಗಿ ನಡೆಯುತ್ತಿದ್ದು ಮೂರನೆಯದೋ ನಾಲ್ಕನೆಯದೋ ಹಾಡಿಗೆ ಫ್ಯೂಸ್ ಹೋಗುವುದು. "ಶಾರ್ಟ್ ಇದ್ದಿದ್ದರೆ ಆಗಲೇ ಹೋಗಬೇಕಿತ್ತಲ್ಲ" ಎಂದು ಗಿರಾಕಿಗಳು ಕೇಳುವುದು ನ್ಯಾಯವೇ. ಆದರೆ ಎರಡು ಚಪ್ಪಟೆ ಕಾಲಿನ ಬ್ಲೇಡ್ ಫ್ಯೂಸ್ ತನ್ನ ಅಳತೆ ದಾಟಿದ ಕೂಡಲೇ ಹೋಗುವುದಿಲ್ಲ. ಸಾಮಾನ್ಯ ಮಾದರಿಯ ಬ್ಲೇಡ್ ಫ್ಯೂಸ್ 110 ಶೇಕಡಾ ಲೋಡನ್ನು 100 ಗಂಟೆ ತಡೆಯಬೇಕು. 135 ಶೇಕಡಾದಲ್ಲಿ ಮುಕ್ಕಾಲು ಸೆಕೆಂಡಿನಿಂದ 10 ನಿಮಿಷದವರೆಗೆ ಯಾವಾಗ ಬೇಕಾದರೂ ಹೋಗಬಹುದು. ಅಂದರೆ 30ರ ಫ್ಯೂಸಿನಲ್ಲಿ 40 ಆಂಪಿಯರ್ ಹರಿಯುತ್ತಿದ್ದರೆ ಒಂದೆರಡು ಹಾಡು ಮುಗಿಯುವವರೆಗೂ ಅದು ಉಳಿಯಬಹುದು. ಹಾಗಾಗಿ ಇಲ್ಲಿ ಲೋಡ್ ಎಲ್ಲಿಂದ ಬಂತು ಎಂದು ನೋಡಬೇಕು.

ಹೆಚ್ಚಾಗಿ ಅದು ಕಾಯಿಲ್ ಜೋಡಣೆಯಿಂದ ಬರುತ್ತದೆ. 4 ಓಮ್‌ನ ಎರಡು ಕಾಯಿಲ್ ಇರುವ ಸಬ್‌ವೂಫರನ್ನು ಪ್ಯಾರಲಲ್ ಜೋಡಿಸಿದರೆ 2 ಓಮ್, ಸೀರೀಸ್ ಜೋಡಿಸಿದರೆ 8 ಓಮ್. ಅಂಥವು ಎರಡನ್ನು ಪೂರ್ತಿ ಪ್ಯಾರಲಲ್ ಮಾಡಿದರೆ 1 ಓಮ್. ಬ್ರಿಡ್ಜ್ ಮಾಡಿದಾಗ 4 ಓಮ್‌ಗಿಂತ ಕೆಳಗೆ ಹೋಗಬೇಡಿ ಎಂದು ಬರೆದಿರುವ ಆಂಪಿಗೆ 2 ಓಮ್ ಕೊಟ್ಟರೆ ಅದು ಬಿಸಿಯಾಗಿ, ಕರೆಂಟ್ ಎಳೆದು ಫ್ಯೂಸ್ ಹಾರಿಸುತ್ತದೆ. ಮೀಟರಿನಲ್ಲಿ ಅಳೆದಾಗ 4 ಓಮ್ ಕಾಯಿಲ್ ಮೂರೂವರೆಯ ಆಸುಪಾಸು ತೋರಿಸುತ್ತದೆ, ಗಾಬರಿ ಬೇಡ. ಒಂದು ಓಮಿಗಿಂತ ಕೆಳಗೆ ತೋರಿಸಿದರೆ ಕಾಯಿಲ್ ಸುಟ್ಟಿದೆ.

ಇನ್ನೊಂದು ಸೂಕ್ಷ್ಮ. ಆಂಪಿನ ಮೈಮೇಲೆ ಎರಡು ಮೂರು ಫ್ಯೂಸ್ ಇದ್ದರೆ ಅವು ಸಾಮಾನ್ಯವಾಗಿ ಪ್ಯಾರಲಲ್ ಆಗಿ ಭಾರ ಹಂಚಿಕೊಳ್ಳುತ್ತವೆ. ಒಂದರ ಕಾಲು ಸಡಿಲವಾದರೆ ಇಡೀ ಭಾರ ಇನ್ನೊಂದರ ಮೇಲೆ ಬೀಳುತ್ತದೆ. ಒಂದೇ ಜಾಗದ ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಅದರ ಪಕ್ಕದ ಹೋಲ್ಡರನ್ನು ನೋಡಿ.

ಅರ್ತ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಪಿಕಪ್ಪಿನ ಕ್ಯಾಬಿನ್ ಚಾಸಿಸ್ ಮೇಲೆ ರಬ್ಬರ್ ಮೌಂಟ್‌ಗಳಲ್ಲಿ ಕೂತಿರುತ್ತದೆ. ಕ್ಯಾಬಿನ್ನಿನಿಂದ ಬ್ಯಾಟರಿಗೆ ಕರೆಂಟ್ ವಾಪಸ್ ಹೋಗುವುದು ಕಂಪನಿ ಕೊಟ್ಟ ಒಂದೆರಡು ಅರ್ತ್ ಪಟ್ಟಿಗಳಿಂದ. ಅವು ತುಕ್ಕು ಹಿಡಿದಿದ್ದರೆ, ಅಥವಾ ಆಂಪಿನ ಅರ್ತನ್ನು ಬಣ್ಣ ಕೆರೆಯದೆ ಬೋಲ್ಟಿಗೆ ಬಿಗಿದಿದ್ದರೆ, ವೋಲ್ಟೇಜ್ ಅಲ್ಲೇ ಬಿದ್ದುಹೋಗುತ್ತದೆ. ನಿಯಂತ್ರಿತ ಪವರ್ ಸಪ್ಲೈ ಇರುವ ಆಂಪ್ ಆ ಕೊರತೆಯನ್ನು ಹೆಚ್ಚು ಕರೆಂಟ್ ಎಳೆದು ತುಂಬಿಕೊಳ್ಳುತ್ತದೆ. 750 ವಾಟ್ ಎಳೆಯುವ ಆಂಪಿಗೆ 13.8 ವೋಲ್ಟಿನಲ್ಲಿ ಸುಮಾರು 54 ಆಂಪಿಯರ್ ಸಾಕು, 11.5ರಲ್ಲಿ 65 ಬೇಕು. ಹಾಡು ಜೋರಾಗಿರುವಾಗ ಆಂಪಿನ ಅರ್ತ್ ಸ್ಕ್ರೂಗೂ ಬ್ಯಾಟರಿ ಮೈನಸ್ಸಿಗೂ ನಡುವೆ ಮೀಟರ್ ಇಟ್ಟು ನೋಡಿ. ಅರ್ಧ ವೋಲ್ಟ್ ಬಂದರೂ ಅರ್ತ್ ಸರಿಯಿಲ್ಲ ಎಂದೇ ಲೆಕ್ಕ. ಸೀಟ್ ಬೆಲ್ಟಿನ ಬೋಲ್ಟಿಗೆ ಮಾತ್ರ ಯಾವ ಕಾರಣಕ್ಕೂ ಅರ್ತ್ ಬಿಗಿಯಬೇಡಿ, ಅದು ಜೀವ ಹಿಡಿಯುವ ಬೋಲ್ಟ್. ಅರ್ತ್ ಪೂರ್ತಿ ಕಳಚಿಹೋದರೆ ಕರೆಂಟ್ ಆರ್‌ಸಿಎ ವೈರಿನ ಜಾಲರಿಯ ಮೂಲಕ ವಾಪಸ್ ದಾರಿ ಹುಡುಕಿ ಸ್ಟೀರಿಯೋವನ್ನೂ ಸುಡಬಹುದು.

ಫ್ಯೂಸ್ ನಿಲ್ಲುತ್ತಿಲ್ಲ ಎಂದು 60ರ ಜಾಗಕ್ಕೆ 100 ಹಾಕಿಕೊಂಡು ಬರುವವರನ್ನು ನೋಡಿದಾಗ ನನಗೆ ನಿಜಕ್ಕೂ ಭಯವಾಗುತ್ತದೆ. ತೆಳು 8 ಗೇಜ್ ವೈರಿಗೆ 100ರ ಫ್ಯೂಸ್ ಎಂದರೆ, ಶಾರ್ಟ್ ಆದ ದಿನ ಫ್ಯೂಸಿಗಿಂತ ಮೊದಲು ವೈರ್ ಉರಿಯಬಹುದು. ಅದು ಉರಿಯುವುದು ಕಾರ್ಪೆಟ್ ಅಡಿಯಲ್ಲಿ, ಜನ ಕೂತ ಸೀಟಿನ ಕೆಳಗೆ. ಅಲ್ಯೂಮಿನಿಯಂ ತಂತಿಗೆ ತಾಮ್ರ ಲೇಪಿಸಿದ ವೈರಿನದು ಇನ್ನೂ ಕಷ್ಟ, ಅದರ ವಾಹಕತೆ ಶುದ್ಧ ತಾಮ್ರದ 60ರಿಂದ 65 ಶೇಕಡಾ ಮಾತ್ರ. ಫ್ಯೂಸ್ ದೊಡ್ಡದು ಮಾಡಲೇಬೇಕೆಂದರೆ ಮೊದಲು ವೈರ್ ದಪ್ಪ ಮಾಡಿ.

ದೊಡ್ಡ ಲಾರಿಗಳವರಿಗೆ ಒಂದು ಮಾತು. ಅವುಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ ಸೇರಿ 24 ವೋಲ್ಟ್. 12 ವೋಲ್ಟಿನ ಆಂಪನ್ನು ನೇರ ಕೊಟ್ಟರೆ ಅದು ಸುಡುತ್ತದೆ. ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದ್ದರೆ ಆ ಬ್ಯಾಟರಿ ಸೊರಗಿ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ, ಎರಡೂ ಬೇಗ ಹಾಳಾಗುತ್ತವೆ. ಆಂಪಿನ ಪೂರ್ತಿ ಕರೆಂಟ್ ತಡೆಯುವ 24ರಿಂದ 12ರ ಕನ್ವರ್ಟರ್ ಹಾಕಲೇಬೇಕು.

ದೋಷ ಸಿಕ್ಕಿ ಸರಿಮಾಡಿದ ಮೇಲೆ ಗಾಡಿಯನ್ನು ಕೂಡಲೇ ಕೊಟ್ಟು ಕಳಿಸುವುದಿಲ್ಲ. ಮಾಲೀಕರು ಎಷ್ಟು ಜೋರಾಗಿ ಕೇಳುತ್ತಾರೋ ಅಷ್ಟೇ ಜೋರಾಗಿ ಅರ್ಧ ಗಂಟೆ ಹಾಡು ಹಾಕಿ, ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟ್ ನೋಡುತ್ತೇವೆ. ಆಮೇಲೆ ಹಾಡು ನಿಲ್ಲಿಸಿ ಫ್ಯೂಸ್ ಹೋಲ್ಡರನ್ನು ಕೈಯಿಂದ ಮುಟ್ಟುತ್ತೇವೆ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಬ್ಯಾಟರಿ ಮೈನಸ್ ತೆಗೆದು, ವೈರ್ ತುದಿಯನ್ನು ಹೊಸದಾಗಿ ಕತ್ತರಿಸಿ, ಲೋಹದ ಲಗ್ಗನ್ನು ತುದಿಗೆ ಒತ್ತಿ ಕೂರಿಸಿ (ಕ್ರಿಂಪ್ ಮಾಡಿ), ಮತ್ತೆ ಬಿಗಿದು, ಇನ್ನೊಂದು ಅರ್ಧ ಗಂಟೆ ಓಡಿಸುತ್ತೇವೆ.